ಅತೀಂದ್ರಿಯ ಶಕ್ತಿಯ ಮಾಪಕಗಳು: ಒಂದು ಐತಿಹಾಸಿಕ ವಿವೇಚನೆ

ವೈಜ್ಞಾನಿಕ ಕಥೆಗಳಲ್ಲಿ ಮಾನವನ ಅಲೌಕಿಕ ಶಕ್ತಿಯನ್ನು ಅಳೆಯುವ ಯಂತ್ರಗಳು ಮೇಲಿಂದ ಮೇಲೆ ಕಾಣಬರುತ್ತವೆ. 1999ರ ‘ಸ್ಟಾರ್ ವಾರ್ಸ್’ ಚಲಚ್ಚಿತ್ರದಲ್ಲಿ ಬಾಲಕನೊಬ್ಬನ ದಿವ್ಯಶಕ್ತಿಯನ್ನು ರಕ್ತಪರೀಕ್ಷೆಯ ಅಂಕಿಯಿಂದಲೇ ನಿರ್ಣಯಿಸಲಾಗುತ್ತದೆ. ಇಂತಹ ಕಲ್ಪನೆಯು ಕಥೆಯ ಎಲ್ಲೆಯನ್ನು ಮೀರಿದ ಸಂದರ್ಭವೊಂದನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

ಅಮೆರಿಕದ ಥಾಮಸ್ ಗೇಲನ್ ಹೈರೋನಿಮಸ್ ಎಂಬವರು ವಸ್ತುಗಳಿಂದ ಹೊಮ್ಮುವುದೆಂದು ತಾವು ನಂಬಿದ್ದ ಅಜ್ಞಾತ ಕಿರಣಗಳನ್ನು ಪತ್ತೆಮಾಡುವ ಯಂತ್ರಕ್ಕೆ 1949ರಲ್ಲಿ ಪೇಟೆಂಟ್ ಪಡೆದರು. ಗುಂಡಿಯನ್ನು ತಿರುಗಿಸುತ್ತ ಫಲಕವೊಂದನ್ನು ಸವರುವಾಗ ಬೆರಳು ಅಂಟಿದಂತಾಗುವ ಅನುಭವವೇ ಅದರ ಸೂಚನೆ. 1956ರಲ್ಲಿ ‘ಅಸ್ಟೌಂಡಿಂಗ್ ಸೈನ್ಸ್ ಫಿಕ್ಷನ್’ ಪತ್ರಿಕೆಯ ಸಂಪಾದಕ ಜಾನ್ ಕ್ಯಾಂಬೆಲ್ ಅವರು ಈ ಯಂತ್ರವನ್ನು ವಾಚಕರಿಗೆ ಪರಿಚಯಿಸಿದರು. ಒಳಗಿನ ಭಾಗಗಳ ಬದಲು ಅವುಗಳ ನಕ್ಷೆಯನ್ನು ಕಾಗದದ ಮೇಲೆ ಮಸಿಯಲ್ಲಿ ಬರೆದಿಟ್ಟರೂ ಯಂತ್ರವು ಕೆಲಸ ಮಾಡುವುದೆಂದು ಸಾರಿ, ಇದನ್ನು ಅತೀಂದ್ರಿಯ ಶಕ್ತಿಯ ಕುರುಹೆಂದು ಬಗೆದರು.

ಈ ಪ್ರಯೋಗವು ಅದಕ್ಕೆ ವಿರುದ್ಧವಾದುದನ್ನೇ ಸೂಚಿಸುತ್ತದೆಂದು ನಮ್ಮ ಅಭಿಪ್ರಾಯ. ಯಂತ್ರವಿಲ್ಲದೆಯೂ ಅದೇ ಫಲವು ದೊರೆಯುವುದಾದರೆ, ಅಳೆಯಲ್ಪಟ್ಟುದು ಪ್ರಯೋಗಕಾರನ ನಿರೀಕ್ಷೆಯೇ ಹೊರತು ಬೇರೇನೂ ಅಲ್ಲ. ಕಥೆಗೆ ಅಂಕಿಯೊಂದೇ ಸಾಕು. ಇತಿಹಾಸಕಾರನಾದರೋ ಆ ಅಂಕಿಯನ್ನು ಯಾರು, ಯಾವ ವಿಧಾನದಿಂದ ಪಡೆದರೆಂಬುದನ್ನು ಶೋಧಿಸದೆ ಅದನ್ನು ಪ್ರಮಾಣವೆಂದು ಅಂಗೀಕರಿಸಲಾಗದು.