ಹೊಸ ಡೊಮೈನ್ ವಿಸ್ತರಣೆಗಳಲ್ಲಿ ಹಣ ತೊಡಗಿಸುವುದು ಲಾಭದಾಯಕವೇ? – ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಅಂತರಜಾಲ ತಾಣದ ವಿಳಾಸದಲ್ಲಿ ಕೊನೆಯ ಚುಕ್ಕಿಯ ನಂತರ ಬರುವ ಭಾಗವನ್ನು ಡೊಮೈನ್ ವಿಸ್ತರಣೆ ಎಂದು ಕರೆಯಲಾಗುತ್ತದೆ. ಡಾಟ್ ಕಾಮ್, ಡಾಟ್ ಆರ್ಗ್, ಡಾಟ್ ಇನ್ ಇವು ಸಾರ್ವಜನಿಕರಿಗೆ ಬಹುಕಾಲದಿಂದ ಪರಿಚಿತವಾದ ವಿಸ್ತರಣೆಗಳು. ಇವುಗಳ ಜೊತೆಗೆ ಡಾಟ್ ಶಾಪ್, ಡಾಟ್ ಆ್ಯಪ್, ಡಾಟ್ ಆನ್‌ಲೈನ್ ಮೊದಲಾದ ನೂರಾರು ಹೊಸ ವಿಸ್ತರಣೆಗಳು ಬಳಕೆಗೆ ಬಂದಿವೆ. ಇವುಗಳಲ್ಲಿ ಹೆಸರುಗಳನ್ನು ಈಗಲೇ ಅಗ್ಗದ ದರದಲ್ಲಿ ನೋಂದಾಯಿಸಿಕೊಂಡು, ಮುಂದೆ ಹೆಚ್ಚಿನ ಬೆಲೆಗೆ ಮಾರಬಹುದೆಂಬ ಪ್ರಚಾರವೂ ನಡೆಯುತ್ತಿದೆ. ಉಳಿತಾಯದ ಹಣವನ್ನು ಈ ರೀತಿ ತೊಡಗಿಸಲು ಇಚ್ಛಿಸುವವರೂ, ತಮ್ಮ ವ್ಯಾಪಾರಕ್ಕಾಗಿ ವಿಳಾಸ ಪಡೆಯಬಯಸುವ ಸಣ್ಣ ಉದ್ಯಮಿಗಳೂ ತಿಳಿದಿರಬೇಕಾದ ಅಂಶಗಳನ್ನು ಈ ಕೆಳಗೆ ವಿವರಿಸಲಾಗಿದೆ.

2. ಹಿನ್ನೆಲೆ

ಡೊಮೈನ್ ಹೆಸರಿನ ವ್ಯವಸ್ಥೆಯನ್ನು 1983ರಲ್ಲಿ ರೂಪಿಸಲಾಯಿತು. ಡಾಟ್ ಕಾಮ್ ವಿಸ್ತರಣೆಯಲ್ಲಿ ಮೊದಲ ಹೆಸರು 1985ರ ಮಾರ್ಚ್ 15ರಂದು ನೋಂದಣಿಯಾಯಿತು. ಈ ವ್ಯವಸ್ಥೆಯನ್ನು ಜಾಗತಿಕವಾಗಿ ಸಮನ್ವಯಗೊಳಿಸುವ ಐಕ್ಯಾನ್ ಸಂಸ್ಥೆ 1998ರಲ್ಲಿ ಸ್ಥಾಪನೆಯಾಯಿತು. ಸಂಸ್ಥೆಯು 2000ನೇ ಇಸವಿಯಲ್ಲಿ ಡಾಟ್ ಇನ್ಫೋ, ಡಾಟ್ ಬಿಜ್ ಸೇರಿದಂತೆ ಏಳು ಹೊಸ ವಿಸ್ತರಣೆಗಳನ್ನು ಆಯ್ಕೆ ಮಾಡಿತು.

2012ರಲ್ಲಿ ಅರ್ಜಿಗಳನ್ನು ವ್ಯಾಪಕವಾಗಿ ಆಹ್ವಾನಿಸಿದಾಗ 1,930 ಅರ್ಜಿಗಳು ಬಂದವು. ಪ್ರತಿ ಅರ್ಜಿಯ ಶುಲ್ಕ 1,85,000 ಅಮೆರಿಕನ್ ಡಾಲರ್ ಆಗಿತ್ತು. 2013ರ ಅಕ್ಟೋಬರ್‌ನಿಂದ ಹೊಸ ವಿಸ್ತರಣೆಗಳು ಒಂದೊಂದಾಗಿ ಜಾರಿಗೆ ಬಂದು, ಅವುಗಳ ಸಂಖ್ಯೆ 1,200ನ್ನು ಮೀರಿತು. 2026ರಲ್ಲಿ ಆರಂಭಿಸಲು ನಿಗದಿಪಡಿಸಿದ ಮುಂದಿನ ಸುತ್ತಿಗೆ ಅರ್ಜಿ ಶುಲ್ಕವನ್ನು 2,27,000 ಡಾಲರ್ ಎಂದು ಗೊತ್ತುಪಡಿಸಲಾಗಿದೆ. ಇದು ವಿಸ್ತರಣೆಯನ್ನೇ ನಡೆಸಲು ಬಯಸುವ ಸಂಸ್ಥೆಗಳಿಗೆ ಸಂಬಂಧಿಸಿದ ಶುಲ್ಕ. ಸಾಮಾನ್ಯ ನಾಗರಿಕರು ಖರೀದಿಸುವುದು ಅಂತಹ ವಿಸ್ತರಣೆಯೊಳಗಿನ ಒಂದು ಹೆಸರನ್ನು ಮಾತ್ರ.

3. ನೋಂದಣಿದಾರರಿಗೆ ದೊರೆಯುವ ಹಕ್ಕಿನ ಸ್ವರೂಪ

ಡೊಮೈನ್ ಹೆಸರನ್ನು ನಿವೇಶನಕ್ಕೆ ಹೋಲಿಸುವುದು ವಾಡಿಕೆ. ಈ ಹೋಲಿಕೆ ಸಂಪೂರ್ಣವಾಗಿ ಸರಿಯಲ್ಲ. ನಿವೇಶನಕ್ಕೆ ಕ್ರಯಪತ್ರವಿರುತ್ತದೆ, ಡೊಮೈನ್ ಹೆಸರಿಗೆ ಇರುವುದು ನಿಗದಿತ ಅವಧಿಯ ಬಳಕೆಯ ಹಕ್ಕು ಮಾತ್ರ. ಡಾಟ್ ಕಾಮ್ ಮತ್ತು ಅದರಂತಹ ಸಾಮಾನ್ಯ ವಿಸ್ತರಣೆಗಳಲ್ಲಿ ಒಮ್ಮೆಗೆ ಗರಿಷ್ಠ 10 ವರ್ಷಗಳವರೆಗೆ ನೋಂದಾಯಿಸಬಹುದು. ಅವಧಿ ಮುಗಿದ ಮೇಲೆ ನವೀಕರಣ ಶುಲ್ಕ ಪಾವತಿಸದಿದ್ದರೆ ಹೆಸರು ಕೈತಪ್ಪಿ, ಬೇರೆಯವರ ನೋಂದಣಿಗೆ ಮುಕ್ತವಾಗುತ್ತದೆ.

ದರದ ವಿಷಯದಲ್ಲಿಯೂ ಹಳೆಯ ಮತ್ತು ಹೊಸ ವಿಸ್ತರಣೆಗಳ ನಡುವೆ ಮುಖ್ಯ ವ್ಯತ್ಯಾಸವಿದೆ. ಡಾಟ್ ಕಾಮ್ ವಿಸ್ತರಣೆಯ ಸಗಟು ದರಕ್ಕೆ ಒಪ್ಪಂದದ ಮೂಲಕ ಮಿತಿ ಹಾಕಲಾಗಿದೆ. 2024ರ ಸೆಪ್ಟೆಂಬರ್‌ನಲ್ಲಿ ಈ ದರ 10.26 ಡಾಲರ್ ಆಯಿತು. 2012ರ ಸುತ್ತಿನ ಹೊಸ ವಿಸ್ತರಣೆಗಳಿಗೆ ಇಂತಹ ದರಮಿತಿ ಇಲ್ಲ. ನಿರ್ವಾಹಕ ಸಂಸ್ಥೆಯು ನವೀಕರಣ ದರ ಹೆಚ್ಚಿಸಬೇಕಾದರೆ ನೋಂದಣಿ ಸಂಸ್ಥೆಗಳಿಗೆ ಆರು ತಿಂಗಳು ಮುಂಚಿತವಾಗಿ ಸೂಚನೆ ನೀಡಬೇಕು. ಆದರೆ ಎಷ್ಟು ಹೆಚ್ಚಿಸಬಹುದೆಂಬುದಕ್ಕೆ ಮಿತಿಯಿಲ್ಲ. ಅಲ್ಲದೆ, ಚಿಕ್ಕದಾದ ಹಾಗೂ ಸುಲಭವಾಗಿ ನೆನಪಿನಲ್ಲುಳಿಯುವ ಹೆಸರುಗಳನ್ನು ನಿರ್ವಾಹಕರೇ 'ಪ್ರೀಮಿಯಂ' ಎಂದು ವರ್ಗೀಕರಿಸಿ, ಆರಂಭದಲ್ಲಿಯೇ ಹೆಚ್ಚಿನ ದರ ವಿಧಿಸುತ್ತಾರೆ. 1990ರ ದಶಕದಲ್ಲಿ ಡಾಟ್ ಕಾಮ್ ಹೆಸರುಗಳನ್ನು ಪಡೆದವರಿಗೆ ದೊರೆತ ಲಾಭದ ದೊಡ್ಡ ಪಾಲು ಹೊಸ ವಿಸ್ತರಣೆಗಳಲ್ಲಿ ನಿರ್ವಾಹಕರಿಗೇ ಸೇರುವಂತೆ ವ್ಯವಸ್ಥೆ ರೂಪುಗೊಂಡಿದೆ.

4. ಹಿಂದಿನ ಅನುಭವಗಳು

4.1 ಡಾಟ್ ಮೊಬಿ: ಮೊಬೈಲ್ ದೂರವಾಣಿಗಳಿಗೆಂದೇ ರೂಪಿಸಿದ ಈ ವಿಸ್ತರಣೆ 2006ರಲ್ಲಿ ಸಾರ್ವಜನಿಕ ನೋಂದಣಿಗೆ ತೆರೆಯಿತು. ಅದೇ ವರ್ಷ 'ಫ್ಲವರ್ಸ್' ಎಂಬ ಹೆಸರು ಹರಾಜಿನಲ್ಲಿ 2,00,000 ಡಾಲರ್‌ಗೆ ಮಾರಾಟವಾಯಿತು. 2007ರ ನಂತರ ಸಾಮಾನ್ಯ ತಾಣಗಳನ್ನೇ ತೋರಿಸಬಲ್ಲ ದೂರವಾಣಿಗಳು ಬಂದವು. ಪ್ರತ್ಯೇಕ ವಿಳಾಸದ ಅಗತ್ಯವೇ ಉಳಿಯಲಿಲ್ಲ. ಕೆಲವು ವರ್ಷಗಳ ನಂತರ ಅದೇ ಹೆಸರು ಹತ್ತು ಸಾವಿರ ಡಾಲರ್‌ಗೂ ಕಡಿಮೆ ಬೆಲೆಗೆ ಕೈ ಬದಲಾಯಿತು.

4.2 ಡಾಟ್ ಐಸಿಯು: 2018ರಲ್ಲಿ ಆರಂಭವಾದ ಈ ವಿಸ್ತರಣೆಯಲ್ಲಿ ಅತ್ಯಲ್ಪ ಪ್ರಥಮ ವರ್ಷದ ದರದಿಂದಾಗಿ ನೋಂದಣಿಗಳು 2020ರ ವೇಳೆಗೆ ಹಲವು ದಶಲಕ್ಷಗಳಿಗೆ ಏರಿದವು. ನವೀಕರಣದ ಸಮಯ ಬಂದಾಗ ಅವುಗಳಲ್ಲಿ ಬಹುಭಾಗವನ್ನು ನೋಂದಣಿದಾರರು ಕೈಬಿಟ್ಟರು. ನೋಂದಣಿಗಳ ಸಂಖ್ಯೆಯೊಂದೇ ಬೇಡಿಕೆಯ ಪುರಾವೆಯಾಗದೆಂಬುದಕ್ಕೆ ಇದು ನಿದರ್ಶನ.

4.3 ಡಾಟ್ ವೆಡ್: ವಿವಾಹ ಸಂಬಂಧಿ ತಾಣಗಳಿಗಾಗಿ ರೂಪಿಸಿದ ಈ ವಿಸ್ತರಣೆಯ ನಿರ್ವಹಣೆ ಕುಸಿದಾಗ, 2017ರ ಡಿಸೆಂಬರ್‌ನಲ್ಲಿ ಐಕ್ಯಾನ್ ತುರ್ತು ನಿರ್ವಾಹಕರನ್ನು ನೇಮಿಸಬೇಕಾಯಿತು. ವಿಸ್ತರಣೆಯೇ ಸೊರಗಿದಾಗ ಅದರೊಳಗಿನ ಹೆಸರಿಗೆ ಕೊಳ್ಳುವವರು ಸಿಗುವುದು ಕಷ್ಟ.

4.4 ಡಾಟ್ ಎಐ: ಇದು ಹೊಸ ಸುತ್ತಿನ ವಿಸ್ತರಣೆಯಲ್ಲ; ಕೆರಿಬಿಯನ್ ಪ್ರದೇಶದ ಆಂಗ್ವಿಲ್ಲಾ ದ್ವೀಪದ ಸಂಕೇತ. ಕೃತಕ ಬುದ್ಧಿಮತ್ತೆಯ ಇಂಗ್ಲಿಷ್ ಹ್ರಸ್ವರೂಪಕ್ಕೆ ಇದು ಹೊಂದಿಕೆಯಾದುದರಿಂದ 2022ರ ಅಂತ್ಯದ ನಂತರ ಬೇಡಿಕೆ ತೀವ್ರವಾಗಿ ಹೆಚ್ಚಿತು. 2023ರಲ್ಲಿ ಈ ಮೂಲದಿಂದ ಆ ದ್ವೀಪದ ಸರ್ಕಾರಕ್ಕೆ ಸುಮಾರು 3.2 ಕೋಟಿ ಅಮೆರಿಕನ್ ಡಾಲರ್ ವರಮಾನ ಬಂದಿತು. ಕೆಲವು ಹೆಸರುಗಳ ಮರುಮಾರಾಟದಿಂದ ವ್ಯಕ್ತಿಗಳೂ ಲಾಭ ಪಡೆದಿದ್ದಾರೆ. ಆದರೆ ಪ್ರತಿ ನೋಂದಣಿ ಮತ್ತು ನವೀಕರಣದಿಂದ ಖಚಿತ ಆದಾಯ ಪಡೆದವರು ವಿಸ್ತರಣೆಯ ಒಡೆಯರು. ಇಲ್ಲಿ ಉದ್ಯಮದ ಬೇಡಿಕೆ ಮೊದಲು ಬಂದಿತು, ಹೆಸರಿನ ಬೆಲೆ ಅದನ್ನು ಹಿಂಬಾಲಿಸಿತು ಎಂಬುದನ್ನು ಗಮನಿಸಬೇಕು.

4.5 ದೇಶಗಳ ಸಂಕೇತಗಳಿಗೂ ಅಪಾಯ ಇಲ್ಲದಿಲ್ಲ. ಯುಗೊಸ್ಲಾವಿಯಾ ಇಲ್ಲವಾದ ನಂತರ ಅದರ ಡಾಟ್ ವೈಯು ವಿಸ್ತರಣೆಯನ್ನು 2010ರಲ್ಲಿ ತೆಗೆದುಹಾಕಲಾಯಿತು.

5. ವೆಚ್ಚದ ಲೆಕ್ಕಾಚಾರ

ಜಾಹೀರಾತಿನಲ್ಲಿ ಕಾಣುವುದು ಪ್ರಥಮ ವರ್ಷದ ದರ. ಹೂಡಿಕೆಯ ಅಳತೆ ನವೀಕರಣ ದರದಿಂದ ಆಗಬೇಕು. ಉದಾಹರಣೆಗಾಗಿ, ಒಬ್ಬರು 20 ಹೆಸರುಗಳನ್ನು ಪ್ರಥಮ ವರ್ಷಕ್ಕೆ ತಲಾ ರೂ. 200ರಂತೆ ಪಡೆದರೆಂದೂ, ನವೀಕರಣ ದರ ತಲಾ ರೂ. 2,500 ಎಂದೂ, ಶೇ. 18ರ ಸರಕು ಮತ್ತು ಸೇವಾ ತೆರಿಗೆ ಪ್ರತ್ಯೇಕವೆಂದೂ ಭಾವಿಸೋಣ.

ಪ್ರಥಮ ವರ್ಷದ ವೆಚ್ಚ: ರೂ. 4,720
ನಂತರದ ಪ್ರತಿ ವರ್ಷದ ವೆಚ್ಚ: ರೂ. 59,000
ಐದು ವರ್ಷಗಳ ಒಟ್ಟು ವೆಚ್ಚ: ರೂ. 2,40,720

ಮಾರಾಟ ಮಾಡಿಸಿಕೊಡುವ ಮಧ್ಯವರ್ತಿ ತಾಣದ ದಲ್ಲಾಳಿ ಶೇ. 20 ಎಂದಿಟ್ಟುಕೊಂಡರೆ, ನವೀಕರಣದ ವೆಚ್ಚವನ್ನು ಸರಿದೂಗಿಸಲು ಪ್ರತಿ ವರ್ಷ ರೂ. 73,750 ಮೌಲ್ಯದ ಮಾರಾಟ ಆಗಲೇಬೇಕು. ಅಲ್ಲಿಯವರೆಗೆ ಲಾಭವೆಂಬುದು ಆರಂಭವಾಗುವುದಿಲ್ಲ. ಷೇರಿಗೆ ಲಾಭಾಂಶ, ಠೇವಣಿಗೆ ಬಡ್ಡಿ, ಕಟ್ಟಡಕ್ಕೆ ಬಾಡಿಗೆ ಬರಬಹುದು. ಬಳಕೆಯಲ್ಲಿಲ್ಲದ ಡೊಮೈನ್ ಹೆಸರಿನಿಂದ ಬಹುತೇಕ ಸಂದರ್ಭಗಳಲ್ಲಿ ಯಾವುದೇ ಆದಾಯವಿರುವುದಿಲ್ಲ. ವೆಚ್ಚ ಮಾತ್ರ ತಪ್ಪುವುದಿಲ್ಲ.

6. ಕಾನೂನಿನ ಅಂಶಗಳು

ಪ್ರಸಿದ್ಧ ಕಂಪನಿಯ ಅಥವಾ ಉತ್ಪನ್ನದ ಹೆಸರನ್ನು ಹೊಸ ವಿಸ್ತರಣೆಯಲ್ಲಿ ಮೊದಲೇ ನೋಂದಾಯಿಸಿ, ನಂತರ ಆ ಕಂಪನಿಗೇ ಮಾರಬಹುದೆಂಬ ಸಲಹೆಯನ್ನು ಸಾರ್ವಜನಿಕರು ಒಪ್ಪಬಾರದು. 1999ರಿಂದ ಜಾರಿಯಲ್ಲಿರುವ ಜಾಗತಿಕ ವಿವಾದ ಪರಿಹಾರ ನೀತಿಯಡಿ, ವ್ಯಾಪಾರ ಚಿಹ್ನೆಯ ಮಾಲೀಕರಿಗೆ ಮಾರುವ ಉದ್ದೇಶದಿಂದಲೇ ಮಾಡಿದ ನೋಂದಣಿಯನ್ನು ದುರುದ್ದೇಶದ ಪುರಾವೆಯಾಗಿ ಪರಿಗಣಿಸಬಹುದು. ಅಂತಹ ಹೆಸರು ರದ್ದಾಗಬಹುದು ಅಥವಾ ದೂರುದಾರರಿಗೆ ವರ್ಗವಾಗಬಹುದು. ಡಾಟ್ ಇನ್ ವಿಸ್ತರಣೆಗೂ ಪ್ರತ್ಯೇಕ ವಿವಾದ ಪರಿಹಾರ ನೀತಿಯಿದೆ.

ಈ ವಿಷಯದಲ್ಲಿ ನಮ್ಮ ದೇಶದ ಪ್ರಮುಖ ತೀರ್ಪು ಬೆಂಗಳೂರಿನಲ್ಲಿ ಆರಂಭವಾದ ದಾವೆಯಿಂದಲೇ ಬಂದಿದೆ. ಸತ್ಯಂ ಇನ್ಫೋವೇ ಮತ್ತು ಸಿಫಿನೆಟ್ ಸಲ್ಯೂಷನ್ಸ್ ನಡುವಿನ ಪ್ರಕರಣದಲ್ಲಿ ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯವು ತಾತ್ಕಾಲಿಕ ತಡೆಯಾಜ್ಞೆ ನೀಡಿತ್ತು. ಉಚ್ಚ ನ್ಯಾಯಾಲಯವು ಅದನ್ನು ತೆರವುಗೊಳಿಸಿತು. ಸರ್ವೋಚ್ಚ ನ್ಯಾಯಾಲಯವು 2004ರ ಮೇ ತಿಂಗಳಲ್ಲಿ ಸಿಟಿ ಸಿವಿಲ್ ನ್ಯಾಯಾಲಯದ ಆದೇಶವನ್ನು ಪುನಃಸ್ಥಾಪಿಸಿ, ಡೊಮೈನ್ ಹೆಸರಿಗೂ ವ್ಯಾಪಾರ ಚಿಹ್ನೆಯ ಮಾದರಿಯ ರಕ್ಷಣೆ ದೊರೆಯುತ್ತದೆಂದು ತೀರ್ಮಾನಿಸಿತು.

7. ಭಾರತದ ವಿಸ್ತರಣೆಗಳು

7.1 ಡಾಟ್ ಇನ್: ಈ ವಿಸ್ತರಣೆಯ ನೋಂದಣಿಯನ್ನು 2005ರಲ್ಲಿ ಸಾರ್ವಜನಿಕರಿಗೆ ಉದಾರವಾಗಿ ತೆರೆಯಲಾಯಿತು. ಇದನ್ನು ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ, ಅಂದರೆ ನಿಕ್ಸಿ, ನಿರ್ವಹಿಸುತ್ತದೆ. ದೇಶದೊಳಗಿನ ಗ್ರಾಹಕರನ್ನು ಉದ್ದೇಶಿಸಿದ ವ್ಯಾಪಾರಕ್ಕೆ ಇದು ಪರಿಚಿತವೂ ಸೂಕ್ತವೂ ಆದ ಆಯ್ಕೆ.

7.2 ಡಾಟ್ ಭಾರತ: ಕನ್ನಡ ಲಿಪಿಯಲ್ಲಿಯೇ ಸಂಪೂರ್ಣ ವಿಳಾಸ ಹೊಂದಲು 'ಡಾಟ್ ಭಾರತ' ವಿಸ್ತರಣೆ ಲಭ್ಯವಿದೆ. ದೇವನಾಗರಿ ಲಿಪಿಯ ರೂಪ 2014ರಲ್ಲಿ ಬಿಡುಗಡೆಯಾಗಿದ್ದು, ಇತರ ಭಾರತೀಯ ಲಿಪಿಗಳು ನಂತರ ಸೇರ್ಪಡೆಯಾದವು. ಕನ್ನಡ ಓದುಗರಿಗಾಗಿ ನಡೆಸುವ ಪತ್ರಿಕೆ, ಶಾಲೆ, ಸಂಘ ಸಂಸ್ಥೆಗಳಿಗೆ ಇದರಿಂದ ಪ್ರಯೋಜನವಿದೆ. ಆದರೆ ಕೆಲವು ತಂತ್ರಾಂಶಗಳು ಮತ್ತು ಅರ್ಜಿ ನಮೂನೆಗಳು ಕನ್ನಡ ಲಿಪಿಯ ವಿಳಾಸ ಹಾಗೂ ಇ-ಅಂಚೆಯನ್ನು ಸ್ವೀಕರಿಸುವುದಿಲ್ಲವಾದ ಕಾರಣ, ಡಾಟ್ ಇನ್ ವಿಳಾಸವನ್ನೂ ಜೊತೆಯಲ್ಲಿ ಉಳಿಸಿಕೊಳ್ಳುವುದು ಕ್ಷೇಮ. ಇದನ್ನು ಬಳಕೆಗಾಗಿ ಪಡೆಯಬೇಕೇ ಹೊರತು ಮರುಮಾರಾಟದ ನಿರೀಕ್ಷೆಯಿಂದಲ್ಲ.

7.3 ಡಾಟ್ ಬ್ಯಾಂಕ್ ಡಾಟ್ ಇನ್: ಅಂತರಜಾಲ ವಂಚನೆ ತಡೆಗಟ್ಟುವ ಉದ್ದೇಶದಿಂದ ಭಾರತೀಯ ರಿಸರ್ವ್ ಬ್ಯಾಂಕ್ 2025ರ ಫೆಬ್ರವರಿಯಲ್ಲಿ ಬ್ಯಾಂಕುಗಳಿಗಾಗಿಯೇ ಈ ವಿಳಾಸ ಶ್ರೇಣಿಯನ್ನು ಪ್ರಕಟಿಸಿತು. 2025ರ ಅಕ್ಟೋಬರ್ 31ರೊಳಗೆ ಬ್ಯಾಂಕುಗಳು ಇದಕ್ಕೆ ವರ್ಗಾವಣೆಯಾಗಬೇಕೆಂದು ಸೂಚಿಸಲಾಗಿತ್ತು. ಖಾಸಗಿ ವ್ಯಕ್ತಿಗಳು ಇದರಲ್ಲಿ ಹೆಸರು ಪಡೆಯಲಾಗದು. ಜನರ ವಿಶ್ವಾಸಕ್ಕೆ ಆಧಾರವಾಗಿರುವುದು ಆ ನಿರ್ಬಂಧವೇ. ಯಾರು ಬೇಕಾದರೂ ಅಗ್ಗವಾಗಿ ಕೊಳ್ಳಬಹುದಾದ ವಿಸ್ತರಣೆಗೆ ಇಂತಹ ವಿಶ್ವಾಸ ತಾನಾಗಿ ಬರುವುದಿಲ್ಲ.

8. ಹಣ ತೊಡಗಿಸುವ ಮುನ್ನ ಗಮನಿಸಬೇಕಾದ ಅಂಶಗಳು

(ಅ) ಪ್ರಥಮ ವರ್ಷದ ದರದ ಜೊತೆಗೆ ನವೀಕರಣ ದರ, ವರ್ಗಾವಣೆ ದರ ಹಾಗೂ ಅವಧಿ ಮೀರಿದ ಹೆಸರನ್ನು ಮರಳಿ ಪಡೆಯುವ ದರವನ್ನು ಲಿಖಿತವಾಗಿ ಪಡೆಯಬೇಕು.

(ಆ) ನೋಂದಣಿ ಸಂಸ್ಥೆಯು ಐಕ್ಯಾನ್ ಅಥವಾ ನಿಕ್ಸಿಯ ಮಾನ್ಯತೆ ಪಡೆದಿದೆಯೇ, ಇಲ್ಲವೇ ಮಾನ್ಯತೆ ಪಡೆದ ಸಂಸ್ಥೆಯ ಮರುಮಾರಾಟಗಾರನೇ ಎಂಬುದನ್ನು ಪರಿಶೀಲಿಸಬೇಕು.

(ಇ) ಹೆಸರು ತಮ್ಮದೇ ಹೆಸರಿನಲ್ಲಿ ಮತ್ತು ತಮ್ಮದೇ ಇ-ಅಂಚೆ ವಿಳಾಸದೊಂದಿಗೆ ನೋಂದಣಿಯಾಗಿರಬೇಕು. ತಾಣ ನಿರ್ಮಿಸಿಕೊಡುವವರ ಹೆಸರಿನಲ್ಲಿ ನೋಂದಣಿಯಾಗಿದ್ದರೆ ಮುಂದೆ ತೊಡಕು ಉಂಟಾಗಬಹುದು.

(ಈ) ವ್ಯಾಪಾರ ಚಿಹ್ನೆಗಳ ನೋಂದಣಿ ದಾಖಲೆಗಳಲ್ಲಿ ಆ ಹೆಸರು ಇದೆಯೇ ಎಂದು ಹುಡುಕಿ ನೋಡಬೇಕು.

(ಉ) ಮಾರಾಟದ ದೊಡ್ಡ ಮೊತ್ತಗಳ ಸುದ್ದಿಯನ್ನು ಓದುವಾಗ, ಮಾರಾಟವಾಗದೆ ಉಳಿದ ಹೆಸರುಗಳು ಸುದ್ದಿಯಾಗುವುದಿಲ್ಲ ಎಂಬುದನ್ನು ನೆನಪಿಡಬೇಕು. ವಾಯ್ಸ್ ಡಾಟ್ ಕಾಮ್ 2019ರಲ್ಲಿ 3 ಕೋಟಿ ಡಾಲರ್‌ಗೆ ಮಾರಾಟವಾದುದು ನಿಜ; ಅದು ಹಳೆಯ ವಿಸ್ತರಣೆಯ ಹೆಸರು.

(ಊ) "ನಿಮ್ಮ ಹೆಸರಿಗೆ ಖರೀದಿದಾರರು ಸಿದ್ಧರಿದ್ದಾರೆ, ಮೊದಲು ಮೌಲ್ಯಮಾಪನ ಶುಲ್ಕ ಪಾವತಿಸಿ" ಎಂಬ ಸಂದೇಶಗಳಿಗೆ ಹಣ ಕಳುಹಿಸಬಾರದು. ವಂಚನೆಗೆ ಒಳಗಾದವರು ವಿಳಂಬ ಮಾಡದೆ 1930 ಸಹಾಯವಾಣಿಗೆ ಕರೆ ಮಾಡತಕ್ಕದ್ದು.

(ಋ) ಸಾಲ ಮಾಡಿ ಅಥವಾ ಒಡವೆ ಅಡವಿಟ್ಟು ಡೊಮೈನ್ ಹೆಸರುಗಳನ್ನು ಕೊಳ್ಳಬಾರದು.

9. ಸಾರಾಂಶ

ತನ್ನ ವ್ಯಾಪಾರ, ವೃತ್ತಿ ಅಥವಾ ಸಂಸ್ಥೆಗೆ ಬೇಕಾದ ಒಂದು ಹೆಸರನ್ನು ಹೊಸ ವಿಸ್ತರಣೆಯಲ್ಲಿ ಪಡೆದು ಬಳಸುವುದು ಸಮಂಜಸವಾದ ವೆಚ್ಚ. ಡಾಟ್ ಕಾಮ್‌ನಲ್ಲಿ ಬೇಕಾದ ಹೆಸರು ಸಿಗದವರಿಗೆ ಇದು ಅನುಕೂಲವೇ ಸರಿ. ಆದರೆ ಅನೇಕ ಹೆಸರುಗಳನ್ನು ಕೂಡಿಟ್ಟು ಬೆಲೆ ಏರಿಕೆಗಾಗಿ ಕಾಯುವುದು ಹೆಚ್ಚಿನ ಅಪಾಯದ ವ್ಯವಹಾರ. ವಿಸ್ತರಣೆಗಳ ಸಂಖ್ಯೆಗೆ ಮಿತಿಯಿಲ್ಲದಿರುವಾಗ ಹೆಸರುಗಳ ಅಭಾವವೂ ಕಡಿಮೆಯಾಗುತ್ತದೆ; ಅಭಾವವಿಲ್ಲದ ವಸ್ತುವಿಗೆ ಬೆಲೆ ನಿಲ್ಲುವುದು ವಿರಳ. ಆದುದರಿಂದ ಮಕ್ಕಳ ಶಿಕ್ಷಣ, ವೈದ್ಯಕೀಯ ವೆಚ್ಚ, ನಿವೃತ್ತಿ ಜೀವನಕ್ಕಾಗಿ ತೆಗೆದಿರಿಸಿದ ಹಣವನ್ನು ಈ ವ್ಯವಹಾರದಲ್ಲಿ ತೊಡಗಿಸದಿರುವುದು ಒಳಿತು. ತೊಡಗಿಸಲೇಬೇಕೆಂದಿರುವವರು, ಪೂರ್ತಿ ನಷ್ಟವಾದರೂ ಕುಟುಂಬಕ್ಕೆ ತೊಂದರೆಯಾಗದಷ್ಟು ಮೊತ್ತಕ್ಕೆ ಸೀಮಿತಗೊಳಿಸಿಕೊಳ್ಳುವುದು ಸೂಕ್ತ.