ಕ್ರೀಡಾ ಗಾಯ: ಪರೀಕ್ಷೆ ಮತ್ತು ಮರಳಿ ಕಣಕ್ಕಿಳಿಯುವ ನಿರ್ಧಾರ

ಆಟದಲ್ಲೋ ಅಭ್ಯಾಸದಲ್ಲೋ ಆದ ಗಾಯದ ಸ್ವರೂಪವನ್ನು ಗುರುತಿಸಿ, ಗಾಯಾಳು ಯಾವಾಗ, ಎಷ್ಟರ ಮಟ್ಟಿಗೆ ಮತ್ತೆ ಆಡಬಹುದೆಂದು ತೀರ್ಮಾನಿಸುವುದು ಕ್ರೀಡಾವೈದ್ಯದ ಮುಖ್ಯ ಕೆಲಸ. ವೈದ್ಯರು, ಫಿಸಿಯೊ, ತರಬೇತುದಾರ, ಆಟಗಾರ ಎಲ್ಲರೂ ಇದರಲ್ಲಿ ಪಾಲುದಾರರು. ಆದರೆ ಪಂದ್ಯ ಎಷ್ಟೇ ದೊಡ್ಡದಿರಲಿ, ಆಡಬಾರದೆಂದು ವೈದ್ಯರು ಹೇಳಿದ ಮೇಲೆ ಆಡಿಸಬಾರದು.

ಪಶ್ಚಿಮ ಬೆಂಗಳೂರಿನಲ್ಲಿ ಈ ವಿದ್ಯೆಯ ಎರಡು ತುದಿಗಳೂ ಕಾಣುತ್ತವೆ. ಕೆಂಗೇರಿ ಕಡೆಯ ಜ್ಞಾನಭಾರತಿ ಆವರಣದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ನೇತಾಜಿ ಸುಭಾಷ್ ದಕ್ಷಿಣ ಕೇಂದ್ರವಿದೆ. ರಾಷ್ಟ್ರೀಯ ಹಾಕಿ ತಂಡಗಳ ಶಿಬಿರಗಳು ನಡೆಯುವ ಇಲ್ಲಿ ಫಿಸಿಯೊ, ಕ್ರೀಡಾವಿಜ್ಞಾನದ ನೆರವು ಕೈಯಳತೆಯಲ್ಲೇ ಸಿಗುತ್ತದೆ. ರಾಜಾಜಿನಗರ, ವಿಜಯನಗರದ ಬಡಾವಣೆ ಮೈದಾನಗಳಲ್ಲಿ ಸಾಮಾನ್ಯವಾಗಿ ಇರುವುದು ಐಸ್ ಮತ್ತು ಸ್ಪ್ರೇ ಮಾತ್ರ. ಅಲ್ಲಿ ಮೊದಲ ತೀರ್ಮಾನ ನಾಯಕನದೋ ತಂದೆಯದೋ ಆಗಿರುತ್ತದೆ.

ಗಾಯ ಹೇಗಾಯಿತೆಂಬ ಪ್ರಶ್ನೆಯಿಂದಲೇ ಪರೀಕ್ಷೆ ಶುರುವಾಗಬೇಕು. ಕಬಡ್ಡಿಯಲ್ಲಿ ಕ್ಯಾಚರ್‌ಗಳ ಹಿಡಿತದಲ್ಲಿ ಪಾದ ಸಿಕ್ಕಿಕೊಂಡು ರೇಡರ್ ತಿರುಗಿದಾಗ, ಮಂಡಿಯಲ್ಲಿ ‘ಟಕ್’ ಎಂದು ಕೇಳಿ ಕೆಲವೇ ಗಂಟೆಗಳಲ್ಲಿ ಊತ ಬಂದರೆ, ಮಂಡಿಯ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಲಿಗಮೆಂಟ್ ಹರಿದಿರುವ ಶಂಕೆ ಬಲವಾಗುತ್ತದೆ. ಪಾದದ ಕೀಲು ಉಳುಕಿದವರೆಲ್ಲರಿಗೂ ಎಕ್ಸ್‌-ರೇ ಬೇಕಿಲ್ಲ. ನಾಲ್ಕು ಹೆಜ್ಜೆ ನಡೆಯಲಾಗದಿದ್ದರೆ ಅಥವಾ ಗಿಣ್ಣಿನ ಮೂಳೆಯ ಹಿಂಬದಿ ಒತ್ತಿದಾಗ ನೋವಾದರೆ ತೆಗೆಸಬೇಕೆಂದು 1992ರ ಒಟ್ಟಾವಾ ನಿಯಮ ಹೇಳುತ್ತದೆ.

ಮರಳುವಿಕೆ ಒಂದೇ ದಿನದ ಘಟನೆಯಲ್ಲ. 2016ರಲ್ಲಿ ಪ್ರಕಟವಾದ ಬರ್ನ್ ಒಮ್ಮತದ ಹೇಳಿಕೆ ಅದನ್ನು ಮೂರಾಗಿ ನೋಡುತ್ತದೆ: ಅಭ್ಯಾಸಕ್ಕೆ ಮರಳುವುದು, ಆಟಕ್ಕೆ ಮರಳುವುದು, ಹಿಂದಿನ ಸಾಮರ್ಥ್ಯಕ್ಕೆ ಮರಳುವುದು. ನೋವಿಲ್ಲ ಎಂಬುದೊಂದೇ ಸಾಲದು. ಎಸಿಎಲ್ ಶಸ್ತ್ರಚಿಕಿತ್ಸೆಯ ನಂತರ ಒಂಟಿಕಾಲ ಜಿಗಿತದಲ್ಲೂ ತೊಡೆಸ್ನಾಯುವಿನ ಬಲದಲ್ಲೂ ಗಾಯದ ಕಾಲು ಇನ್ನೊಂದರ ಶೇ 90ರಷ್ಟಾದರೂ ಇರಬೇಕೆಂಬುದು ರೂಢಿಯ ಅಳತೆ. ಬಿಡುವಿನಲ್ಲಿ ಒಳ್ಳೆಯ ಕಾಲೂ ಸೊರಗಿರುತ್ತದೆ, ಆದ್ದರಿಂದ ಈ ಅಂಕಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. 2016ರ ನಾರ್ವೆ ಅಧ್ಯಯನವೊಂದರಲ್ಲಿ, ಒಂಬತ್ತು ತಿಂಗಳವರೆಗೆ ಆಟವನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮಂಡಿಗೆ ಮತ್ತೆ ಗಾಯವಾಗುವ ಪ್ರಮಾಣ ಸುಮಾರು ಅರ್ಧಕ್ಕಿಳಿದಿತ್ತು. ಕಾಯುವುದೂ ಚಿಕಿತ್ಸೆಯೇ.

ಕ್ರಿಕೆಟಿಗ ಕೆ.ಎಲ್. ರಾಹುಲ್ ಇದಕ್ಕೆ ಒಳ್ಳೆಯ ನಿದರ್ಶನ. 2023ರ ಮೇ 1ರಂದು ಲಖನೌದ ಐಪಿಎಲ್ ಪಂದ್ಯದಲ್ಲಿ ಬೆಂಗಳೂರು ತಂಡದ ವಿರುದ್ಧ ಫೀಲ್ಡಿಂಗ್ ಮಾಡುವಾಗ ಅವರ ತೊಡೆಗೆ ಗಾಯವಾಯಿತು. ಶಸ್ತ್ರಚಿಕಿತ್ಸೆಯ ಬಳಿಕ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಚೇತರಿಕೆ. ಏಷ್ಯಾ ಕಪ್ ತಂಡಕ್ಕೆ ಆಯ್ಕೆಯಾದರೂ ಮೊದಲ ಎರಡು ಪಂದ್ಯಗಳಲ್ಲಿ ಅವರನ್ನು ಆಡಿಸಲಿಲ್ಲ. ಆಮೇಲೆ ಕಣಕ್ಕಿಳಿದವರು ಪಾಕಿಸ್ತಾನದ ವಿರುದ್ಧ ಅಜೇಯ 111 ಗಳಿಸಿದರು.

ತಲೆಯ ಪೆಟ್ಟಿಗೆ ಮಾತ್ರ ಚೌಕಾಸಿಯಿಲ್ಲ. 2002ರಲ್ಲಿ ಆಂಟಿಗಾದಲ್ಲಿ ದವಡೆ ಮುರಿದಿದ್ದರೂ ಮುಖಕ್ಕೆ ಪಟ್ಟಿ ಕಟ್ಟಿಕೊಂಡು 14 ಓವರ್ ಎಸೆದು ವೆಸ್ಟ್ ಇಂಡೀಸ್‌ನ ಬ್ರಯಾನ್ ಲಾರಾ ವಿಕೆಟ್ ಪಡೆದ ಅನಿಲ್ ಕುಂಬ್ಳೆಯವರ ಕೆಚ್ಚನ್ನು ಕನ್ನಡಿಗರು ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ. ಆದರೆ ಅದನ್ನು ಮಕ್ಕಳಿಗೆ ಮಾದರಿಯಾಗಿ ತೋರಿಸಬಾರದು. ಇಂದಾದರೆ ಅಂಥ ಪೆಟ್ಟಿನ ನಂತರ ಮೊದಲು ಮಿದುಳಿನ ತಪಾಸಣೆ ನಡೆಯಬೇಕು. ಅಂತರರಾಷ್ಟ್ರೀಯ ಕ್ರಿಕೆಟ್‌ನಲ್ಲಿ 2019ರ ಆಗಸ್ಟ್‌ನಿಂದ ಕಂಕಷನ್ (ಪೆಟ್ಟಿನಿಂದ ಮಿದುಳಿಗಾಗುವ ಆಘಾತ) ಆದವನ ಬದಲು ಇನ್ನೊಬ್ಬನನ್ನು ಇಳಿಸಲು ಅವಕಾಶವಿದೆ. ಕಂಕಷನ್ ಶಂಕೆಯಿದ್ದರೂ ಆ ದಿನ ಆಟ ಮುಗಿಯಿತೆಂದೇ ಲೆಕ್ಕ. ಒಂದೆರಡು ದಿನ ವಿಶ್ರಾಂತಿ, ನಂತರ ಲಘು ನಡಿಗೆ, ಓಟ, ಒಬ್ಬರೇ ಅಭ್ಯಾಸ. ಒಂದು ಹಂತಕ್ಕೂ ಮುಂದಿನದಕ್ಕೂ ನಡುವೆ ಕನಿಷ್ಠ 24 ಗಂಟೆಗಳ ಅಂತರವಿರಬೇಕು. ತಂಡದ ಅಭ್ಯಾಸಕ್ಕೂ ಮೈಗೆ ಮೈ ತಾಗುವ ಆಟಕ್ಕೂ ಮುನ್ನ ವೈದ್ಯರ ಒಪ್ಪಿಗೆ ಬೇಕು. ಮಕ್ಕಳು ಪೂರ್ತಿಯಾಗಿ ಶಾಲೆಗೆ ಮರಳಿದ ನಂತರವೇ ಪಂದ್ಯ. ಪೆಟ್ಟು ಬಿದ್ದ ಮೇಲೆ ಪದೇ ಪದೇ ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು, ಫಿಟ್ಸ್ ಅಥವಾ ಕೈಕಾಲಿನಲ್ಲಿ ನಿಶ್ಶಕ್ತಿ ಕಂಡರೆ ಮನೆಗೆ ಕರೆದೊಯ್ದು ಮಲಗಿಸಬೇಡಿ. ತಕ್ಷಣ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಸೇರಿಸಿ.