ಮಿತವ್ಯಯದಲ್ಲಿ ಮಗುವಿನ ಹುಟ್ಟುಹಬ್ಬ

ಐದು ವರ್ಷದೊಳಗಿನ ಮಗುವಿಗೆ ಹುಟ್ಟುಹಬ್ಬದ ಸಂಭ್ರಮವಿರುವುದು ಬಾಡಿಗೆಯ ಸಭಾಂಗಣದಲ್ಲಲ್ಲ, ಜೊತೆಗೂಡಿ ಆಡುವುದರಲ್ಲಿ. ಓರಗೆಯ ನಾಲ್ಕೈದು ಮಕ್ಕಳನ್ನು ಕರೆದು, ಸಂಜೆ 4ರಿಂದ 6ರವರೆಗೆ ಮನೆಯಲ್ಲೇ ಆಚರಿಸಿದರೆ ಸಾಕು. ಅದಕ್ಕೂ ಮೀರಿದರೆ ಎಳೆಯರು ದಣಿದು ಹಠ ಹಿಡಿಯುತ್ತಾರೆ.

ಅಲಂಕಾರಕ್ಕೆ ಮಾವಿನೆಲೆಯ ತೋರಣ, ಬಣ್ಣದ ಕಾಗದದ ಮಾಲೆ ಸಾಲುತ್ತವೆ. ಕೆರೆ-ದಡ, ಕಣ್ಣಾಮುಚ್ಚಾಲೆಗೆ ಖರ್ಚಿಲ್ಲ. ಸೋತವರನ್ನೂ ಹೊರಗಿಡದೆ ಆಡಿಸುವುದು ಲೇಸು. ಚಿತ್ರಾನ್ನ, ಕೇಸರಿಬಾತ್, ಬೆಲ್ಲದ ಪಾನಕ ಮನೆಯಲ್ಲೇ ಸಿದ್ಧವಾಗುತ್ತವೆ.

ಆದರೆ ಚಿತ್ರಾನ್ನದ ಒಗ್ಗರಣೆಗೆ ಕಡಲೆಕಾಯಿ ಬೀಜ ಬೇಡ; ಗಟ್ಟಿ ಮಿಠಾಯಿಯನ್ನೂ ಹಂಚಬಾರದು. ಒಡೆದ ಬಲೂನಿನ ಚೂರುಗಳನ್ನು ಕೂಡಲೇ ಹೆಕ್ಕಿ ಎಸೆಯಬೇಕು. ಇವು ಎಳೆಯ ಮಕ್ಕಳ ಶ್ವಾಸನಾಳದಲ್ಲಿ ಸಿಲುಕಿದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಹಿರಿಯರೊಬ್ಬರು ಬೇರೆ ಕೆಲಸ ಹಚ್ಚಿಕೊಳ್ಳದೆ, ಕೊನೆಯವರೆಗೂ ಮಕ್ಕಳ ಬಳಿಯಲ್ಲೇ ಇರುವುದು ಅಗತ್ಯ.